ಹೊಸದಾಗಿ ಶುಗರ್ ಬಂದವರಿಗೆ: ಕೆರೆಯ ಹೂಳು ಮತ್ತು ಮುದ್ದೆಯ ತೂಕ

2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬರತೊಡಗಿದಾಗ ನಮ್ಮ ಕಡೆ ಟೀ ಅಂಗಡಿಯಲ್ಲೂ ಬೇರೆ ಮಾತಿರಲಿಲ್ಲ. ಸರ್ಕಾರ ತಜ್ಞರ ಸಮಿತಿ ಮಾಡಿತು. ಜನ ಸಮಿತಿಯ ವರದಿಗೆ ಕಾಯಲಿಲ್ಲ, ಬೆಳಗಿನ ಜಾವವೇ ಎದ್ದು ಆಸ್ಪತ್ರೆ ಮುಂದೆ ಸಾಲು ನಿಂತರು. ಆ ಸಾಲಿನಲ್ಲಿ ನಮ್ಮ ಚಿಕ್ಕಪ್ಪನೂ ಇದ್ದರು. ಇಸಿಜಿ ಸರಿಯಾಗಿಯೇ ಬಂತು. ಅದರ ಜೊತೆ ಬರೆದುಕೊಟ್ಟಿದ್ದ ರಕ್ತ ಪರೀಕ್ಷೆಯಲ್ಲಿ ಶುಗರ್ ಸಿಕ್ಕಿತು. ಖಾಲಿ ಹೊಟ್ಟೆಯಲ್ಲಿ 168, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8.1.

ಹೃದಯ ತೋರಿಸಲು ಹೋಗಿ ಶುಗರ್ ಹೊತ್ತು ತಂದವರು ಆಗ ಅವರೊಬ್ಬರೇ ಆಗಿರಲಿಕ್ಕಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13 ಕೋಟಿಗೂ ಹೆಚ್ಚು. ಹೊಸದಾಗಿ ಗೊತ್ತಾದವರೆಲ್ಲ ಕೇಳುವುದು ಒಂದೇ: ಊಟ ಬದಲಿಸಿ, ತೂಕ ಇಳಿಸಿದರೆ ಇದು ಹೋಗುತ್ತದಾ? ಉತ್ತರ ಹೇಳುವ ಮುಂಚೆ ಒಳಗೆ ಏನು ಕೆಟ್ಟಿದೆ ಎಂದು ನೋಡಬೇಕು.

ರಿಪೋರ್ಟಿನ ಅಂಕಿಗಳು

ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಒಂದು ಡೆಸಿಲೀಟರ್, ಅಂದರೆ 100 ಮಿ.ಲೀ. ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಇದೆ ಎಂಬುದೇ ರಿಪೋರ್ಟಿನ ಅಂಕಿ. 100 ಇದ್ದರೆ ಇಡೀ ಮೈಯ ರಕ್ತದಲ್ಲಿ ಒಟ್ಟು 5 ಗ್ರಾಂ ಸಕ್ಕರೆ ಇದೆ ಎಂದಾಯಿತು. ಒಂದು ಟೀ ಚಮಚ, ಅಷ್ಟೇ. 200 ಅಂದರೆ ಎರಡು ಚಮಚ. ಒಂದು ತಟ್ಟೆ ಅನ್ನದಲ್ಲಿ ಇದರ ಎಷ್ಟೋ ಪಟ್ಟು ಗ್ಲೂಕೋಸ್ ಒಳಗೆ ಬರುತ್ತದೆ, ಆದರೂ ಆರೋಗ್ಯವಂತರ ರಕ್ತದಲ್ಲಿ ಆ ಒಂದು ಚಮಚದ ಲೆಕ್ಕ ಹೆಚ್ಚು ಕಡಿಮೆ ಆಗದಂತೆ ದೇಹ ಕಾಯ್ದುಕೊಳ್ಳುತ್ತದೆ. ನನಗಂತೂ ರೋಗಕ್ಕಿಂತ ಈ ಕಾವಲೇ ದೊಡ್ಡ ಅಚ್ಚರಿ.

ಎಂಟು ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ 100ರ ಒಳಗಿದ್ದರೆ ಸರಿ, 126 ಅಥವಾ ಹೆಚ್ಚಿದ್ದರೆ ಮಧುಮೇಹ, ನಡುವಿನದು ಹೊಸ್ತಿಲು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ 140ರ ಒಳಗೆ ಸರಿ, 200 ದಾಟಿದರೆ ಮಧುಮೇಹ. ಎಚ್‌ಬಿಎ1ಸಿಯನ್ನು ನಮ್ಮ ಕಡೆ ‘ಮೂರು ತಿಂಗಳ ಶುಗರ್’ ಅನ್ನುತ್ತಾರೆ. ಕೆಂಪು ರಕ್ತಕಣಕ್ಕೆ ಸುಮಾರು 120 ದಿನ ಆಯಸ್ಸು. ಅಷ್ಟು ದಿನದಲ್ಲಿ ಅದಕ್ಕೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂದು ಅದು ಹೇಳುತ್ತದೆ. 5.7ರ ಕೆಳಗೆ ಸರಿ, 6.5 ಮತ್ತು ಮೇಲೆ ಮಧುಮೇಹ. ಹಿಂದಿನ ರಾತ್ರಿ ಉಪವಾಸ ಮಾಡಿ ಇದನ್ನು ಯಾಮಾರಿಸಲು ಆಗದು. ಆದರೆ ರಕ್ತಹೀನತೆ ಇದ್ದರೆ ಇದು ತಪ್ಪು ಹೇಳಬಹುದು. ಕಬ್ಬಿಣಾಂಶದ ಕೊರತೆ ಇರುವ ಹೆಂಗಸರಲ್ಲಿ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು, ಹಾಗಾಗಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಜೊತೆಗೇ ನೋಡಬೇಕು.

ಬಾಯಾರಿಕೆ, ಪದೇ ಪದೇ ಮೂತ್ರ ಹೀಗೆ ಯಾವ ಲಕ್ಷಣವೂ ಇಲ್ಲದವರಿಗೆ ಒಂದೇ ಪರೀಕ್ಷೆ ನೋಡಿ ಮಧುಮೇಹ ಎಂದು ತೀರ್ಮಾನಿಸುವುದಿಲ್ಲ. ಎರಡು ಪರೀಕ್ಷೆಗಳು ಒಂದೇ ಮಾತು ಹೇಳಬೇಕು. ಚಿಕ್ಕಪ್ಪನ ವಿಷಯದಲ್ಲಿ ಎರಡೂ ಹೇಳಿದ್ದವು.

ನೀರಗಂಟಿಯ ಕೆಲಸ

“ರಾತ್ರಿ ಎರಡೇ ಚಪಾತಿ ತಿಂದು ಮಲಗಿದ್ದು ಕಣೋ. ಬೆಳಗೆದ್ದು ನೋಡಿದ್ರೆ ನೂರಾ ಅರವತ್ತೆಂಟು. ಎಲ್ಲಿಂದ ಬತ್ತದೆ ಅದು?” ಎಂದು ಚಿಕ್ಕಪ್ಪ ಕೇಳಿದ್ದರು. ತುಂಬಾ ಒಳ್ಳೆಯ ಪ್ರಶ್ನೆ. ಉತ್ತರ ಅವರ ಊರಿನ ಕೆರೆಯಲ್ಲೇ ಇದೆ.

ಲಿವರ್ ಒಂದು ಕೆರೆ ಅಂದುಕೊಳ್ಳಿ. ರಕ್ತನಾಳ ಕಾಲುವೆ. ಮಾಂಸಖಂಡಗಳು ಗದ್ದೆ. ಊಟ ಅಂದರೆ ಮಳೆ. ಮಳೆ ಬಿದ್ದಾಗ ಗದ್ದೆಗಳ ಬಾಯಿ ತೆರೆದು ನೀರು ಹಾಯಿಸಿ, ಮಿಕ್ಕಿದ್ದನ್ನು ಕೆರೆಯಲ್ಲಿ ನಿಲ್ಲಿಸಿ, ಕೆರೆಯ ತೂಬು ಮುಚ್ಚುವವನು ನೀರಗಂಟಿ. ಆ ನೀರಗಂಟಿಯೇ ಇನ್ಸುಲಿನ್. ಅವನ ಮನೆ ಹೊಟ್ಟೆಯ ಹಿಂದೆ ಇರುವ ಮೇದೋಜೀರಕ ಗ್ರಂಥಿ. ರಾತ್ರಿ ಮಳೆ ಇಲ್ಲದಾಗ ಅವನು ತೂಬನ್ನು ಬೆರಳಷ್ಟು ಮಾತ್ರ ಎತ್ತುತ್ತಾನೆ. ನಾವು ಮಲಗಿದ್ದರೂ ಮೆದುಳಿಗೆ ಸಕ್ಕರೆ ಬೇಕಲ್ಲ, ಅದನ್ನು ಲಿವರ್ ಹನಿಹನಿಯಾಗಿ ಕಾಲುವೆಗೆ ಬಿಡುತ್ತಿರುತ್ತದೆ.

ಈಗ ಕೆರೆಯಲ್ಲಿ ಹೂಳು ತುಂಬಿತು ಅನ್ನಿ. ವರ್ಷಗಟ್ಟಲೆ ಖರ್ಚಿಗಿಂತ ಹೆಚ್ಚು ತಿಂದದ್ದು ಕೊಬ್ಬಾಗಿ ಲಿವರ್‌ನಲ್ಲಿ ಕೂರುತ್ತದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಎಂದು ಬರೆದಿರುವುದು ಇದನ್ನೇ. ಹೂಳು ಸಿಕ್ಕಿಕೊಂಡ ತೂಬು ಸರಿಯಾಗಿ ಮುಚ್ಚುವುದಿಲ್ಲ. ನೀರಗಂಟಿ ಎಷ್ಟು ಒತ್ತಿದರೂ ನೀರು ಸೋರುತ್ತಲೇ ಇರುತ್ತದೆ. ಚಿಕ್ಕಪ್ಪನ ಬೆಳಗಿನ 168 ಬಂದದ್ದು ಚಪಾತಿಯಿಂದಲ್ಲ, ರಾತ್ರಿಯಿಡೀ ಸೋರಿದ ತೂಬಿನಿಂದ. ಒಬ್ಬ ನೀರಗಂಟಿಯಿಂದ ಆಗದಾಗ ಮೇದೋಜೀರಕ ಗ್ರಂಥಿ ಇನ್ನಿಬ್ಬರನ್ನು ಕಳಿಸುತ್ತದೆ, ಆಮೇಲೆ ನಾಲ್ವರನ್ನು. ಹೆಚ್ಚಿದ ಇನ್ಸುಲಿನ್ ಲಿವರ್‌ನಲ್ಲಿ ಇನ್ನಷ್ಟು ಕೊಬ್ಬು ಕಟ್ಟಿಸುತ್ತದೆ. ಕೊನೆಗೆ ಕೊಬ್ಬು ಉಕ್ಕಿ ನೀರಗಂಟಿಯ ಮನೆಯೊಳಕ್ಕೇ ನುಗ್ಗುತ್ತದೆ. ಅಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಸುಸ್ತಾಗಿ ಕೈಚೆಲ್ಲುತ್ತವೆ. ರಕ್ತದ ಸಕ್ಕರೆ ಗೆರೆ ದಾಟುವುದು ಆಗಲೇ.

ಇದು ಟೈಪ್ 2 ಮಧುಮೇಹದ ಕಥೆ. ಟೈಪ್ 1 ಬೇರೆ. ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಕೊಲ್ಲುತ್ತದೆ, ಹೂಳೆತ್ತಿ ಪ್ರಯೋಜನವಿಲ್ಲ. ಚಿಕ್ಕ ವಯಸ್ಸು, ವಾರಗಳಲ್ಲಿ ತಾನಾಗೇ ತೂಕ ಇಳಿದಿದೆ, ತಡೆಯಲಾರದ ಬಾಯಾರಿಕೆ, ವಾಂತಿ ಎಂದರೆ ಡಯಟ್ ಯೋಚನೆ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಬೇಕು.

“ನಾನೇನ್ ದಪ್ಪ ಇದೀನಾ?”

ಚಿಕ್ಕಪ್ಪನ ತೂಕ 68 ಕಿಲೋ, ಎತ್ತರ 165 ಸೆಂ.ಮೀ. ನೋಡಿದವರು ದಪ್ಪ ಅನ್ನುವುದಿಲ್ಲ. ಕೈಕಾಲು ಸಣ್ಣ, ಪಂಚೆಯ ಮೇಲೆ ಸ್ವಲ್ಪ ಹೊಟ್ಟೆ, ಅಷ್ಟೆ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದರೆ 96 ಸೆಂ.ಮೀ. ಬಂತು.

ಭಾರತೀಯರ ಮೈಕಟ್ಟಿನ ವಿಚಿತ್ರವನ್ನು ತೋರಿಸಿದವರು ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್. 2004ರಲ್ಲಿ ಅವರು ಬ್ರಿಟನ್ನಿನ ಸಂಶೋಧಕ ಯುಡ್ಕಿನ್ ಜೊತೆ ತಮ್ಮಿಬ್ಬರದೇ ಚಿತ್ರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ ಒಂದೇ, 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ತೂಕದ ಯಂತ್ರದ ಮುಂದೆ ಇಬ್ಬರೂ ಸಮ, ಒಳಗೆ ಅಜಗಜಾಂತರ. ಹೀಗಾಗಿಯೇ ನಮ್ಮಲ್ಲಿ ಗೆರೆಯನ್ನು ಕೆಳಗೆ ಎಳೆದಿದ್ದಾರೆ: ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಚಿಕ್ಕಪ್ಪನದು 25.

ಕೊಬ್ಬು ತುಂಬಿಕೊಳ್ಳಲು ಒಬ್ಬೊಬ್ಬರ ಚರ್ಮದಡಿ ಒಂದೊಂದು ಅಳತೆಯ ಕಣಜ ಇರುತ್ತದೆ. ದೊಡ್ಡ ಕಣಜ ಇದ್ದವರು 100 ಕಿಲೋ ಆದರೂ ಶುಗರ್ ಇಲ್ಲದೆ ಓಡಾಡಬಹುದು. ಸಣ್ಣ ಕಣಜದವರಿಗೆ 65 ಕಿಲೋಗೇ ಅದು ತುಂಬಿ, ಮಿಕ್ಕಿದ್ದು ಲಿವರ್ ಸೇರುತ್ತದೆ. ಪಕ್ಕದ ಮನೆಯವರಿಗೆ ಬಾರದ್ದು ನನಗ್ಯಾಕೆ ಬಂತು ಅನ್ನುವುದಕ್ಕೆ ಉತ್ತರದ ಒಂದು ಪಾಲು ಇದು. ಇನ್ನೊಂದು ಪಾಲು ಅಪ್ಪ ಅಮ್ಮನಿಂದ ಬಂದದ್ದು.

ಎಷ್ಟು ಹೂಳೆತ್ತಬೇಕು?

ಬ್ರಿಟನ್ನಿನ ನ್ಯೂಕಾಸಲ್‌ನ ರಾಯ್ ಟೇಲರ್ ಮತ್ತು ಗ್ಲಾಸ್ಗೋದ ಮೈಕ್ ಲೀನ್ ನಡೆಸಿದ ‘ಡೈರೆಕ್ಟ್’ ಎಂಬ ಪ್ರಯೋಗದ ಫಲಿತಾಂಶ 2017ರ ಕೊನೆಗೆ ಹೊರಬಂತು. ಮಧುಮೇಹ ಬಂದು ಆರು ವರ್ಷದೊಳಗಿನವರನ್ನು ಆಯ್ದು, ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿಯ ಆಸುಪಾಸಿನ ದ್ರವಾಹಾರ ಕೊಟ್ಟು, ಶುಗರ್ ಮಾತ್ರೆ ನಿಲ್ಲಿಸಿದರು. ಒಂದು ವರ್ಷದ ಹೊತ್ತಿಗೆ ಶೇ. 46 ಮಂದಿಯ ಸಕ್ಕರೆ ಮಾತ್ರೆಯಿಲ್ಲದೆ ಮಧುಮೇಹದ ಗೆರೆಯ ಕೆಳಗಿತ್ತು. 15 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಇದು ಶೇ. 86. ಲಿವರ್‌ನ ಕೊಬ್ಬು ಮೊದಲು ಕರಗಿತು, ನಂತರ ಮೇದೋಜೀರಕ ಗ್ರಂಥಿಯದು.

ಅವರೆಲ್ಲ ನಮಗಿಂತ ದೊಡ್ಡ ಮೈಯವರು. ತೆಳ್ಳಗಿರುವವರಿಗೆ ಇದು ಅನ್ವಯಿಸುತ್ತದಾ ಎಂದು ಟೇಲರ್ ತಂಡ ಬಿಎಂಐ 27ಕ್ಕಿಂತ ಕಡಿಮೆ ಇದ್ದ 20 ಜನರಲ್ಲಿ ನೋಡಿತು. ತೂಕದಲ್ಲಿ ಸುಮಾರು ಶೇ. 6.5 ಇಳಿದಾಗ 14 ಮಂದಿಯಲ್ಲಿ ಕಾಯಿಲೆ ಹಿಂದೆ ಸರಿದಿತ್ತು. ಪ್ರಯೋಗ ಸಣ್ಣದು, ಆದರೆ ನಮ್ಮಂಥವರಿಗೆ ಹತ್ತಿರದ್ದು. ಒಟ್ಟಾರೆ ತೂಕದಲ್ಲಿ ಶೇ. 10ರಿಂದ 15 ಇಳಿಸುವುದು ಗುರಿ. 68 ಕಿಲೋದವರಿಗೆ 7ರಿಂದ 10 ಕಿಲೋ. ಶೇ. 5 ಇಳಿದರೂ ಸಕ್ಕರೆ, ಬಿ.ಪಿ. ಎರಡೂ ಸುಧಾರಿಸುತ್ತವೆ.

ವೈದ್ಯರು ಇದನ್ನು ‘ವಾಸಿಯಾಯಿತು’ ಅನ್ನುವುದಿಲ್ಲ, ‘ರೆಮಿಷನ್’ ಅನ್ನುತ್ತಾರೆ. ಕಾಯಿಲೆ ಒಳಗೆ ಮಲಗಿದೆ ಎಂದರ್ಥ. ಮಾತ್ರೆ ಬಿಟ್ಟು ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ರ ಕೆಳಗಿದ್ದರೆ ಆ ಮಾತು ಬಳಸಬಹುದು. ಬೇಗ ಶುರು ಮಾಡಿದಷ್ಟೂ ಸಾಧ್ಯತೆ ಹೆಚ್ಚು, ಏಕೆಂದರೆ ಸುಸ್ತಾದ ಬೀಟಾ ಕೋಶ ಚೇತರಿಸಿಕೊಳ್ಳುತ್ತದೆ, ಸತ್ತದ್ದು ಎದ್ದು ಬರುವುದಿಲ್ಲ. ಹತ್ತು ಹದಿನೈದು ವರ್ಷದಿಂದ ಮಧುಮೇಹ ಇರುವವರಿಗೆ ತೂಕ ಇಳಿಸುವುದರಿಂದ ಲಾಭವಿದೆ, ಮಾತ್ರೆ ಪೂರ್ತಿ ಬಿಡುವ ಸಾಧ್ಯತೆ ಕಡಿಮೆ.

ಮುದ್ದೆ ತೂಗಿದ ದಿನ

ಶುಗರ್ ಅಂದ ಕೂಡಲೆ ನಮ್ಮ ಕಡೆ ಕೊಡುವ ಮೊದಲ ಸಲಹೆ “ಅನ್ನ ಬಿಟ್ಟು ಮುದ್ದೆ ತಿನ್ನು”. ಚಿಕ್ಕಪ್ಪ ಹುಟ್ಟಿದಾಗಿನಿಂದ ಮುದ್ದೆಯನ್ನೇ ತಿಂದವರು! ಹಾಗಾದರೆ ಮುದ್ದೆಯಲ್ಲಿ ಏನಿದೆ ಎಂದು ಒಂದು ಭಾನುವಾರ ಚಿಕ್ಕಮ್ಮ ಹಿಟ್ಟು ಹಾಕುವ ಮುಂಚೆ ತಕ್ಕಡಿಯಲ್ಲಿ ಇಟ್ಟೆವು. ಒಂದು ಮುದ್ದೆಗೆ 110 ಗ್ರಾಂ.

100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟ (ಕಾರ್ಬೋಹೈಡ್ರೇಟ್), 11 ಗ್ರಾಂ ನಾರು, 7 ಗ್ರಾಂ ಪ್ರೊಟೀನು, 320 ಕ್ಯಾಲೊರಿ. ಪಾಲಿಶ್ ಅಕ್ಕಿಯಲ್ಲಿ ಪಿಷ್ಟ 78, ನಾರು 3 ಗ್ರಾಂ ಕೂಡ ಇಲ್ಲ. ರಾಗಿ ಮೇಲು ನಿಜ. ನಾರು ಇದೆ, ಕ್ಯಾಲ್ಸಿಯಂ ಇದೆ, ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಆದರೆ ಪಿಷ್ಟ ಕರಗಿದರೆ ಗ್ಲೂಕೋಸೇ. 110 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ 73 ಗ್ರಾಂ ಪಿಷ್ಟ. ಮಧ್ಯಾಹ್ನ ಒಂದು, ರಾತ್ರಿ ಒಂದು, ಎರಡು ಹೊತ್ತೂ ಮುದ್ದೆ ಮೇಲೆ ಒಂದೊಂದು ಬಟ್ಟಲು ಅನ್ನ. ನಾಲ್ಕು ಕಾಫಿಗೆ ಎರಡೆರಡು ಚಮಚ ಸಕ್ಕರೆ, ಅದು 40 ಗ್ರಾಂ. ಬೆಳಗಿನ ತಿಂಡಿ ಬಿಟ್ಟೇ 270 ಗ್ರಾಂ ಆಯಿತು.

ಎಷ್ಟಿರಬೇಕು? ಐಸಿಎಂಆರ್‌ನ ಅದೇ ಅಧ್ಯಯನದಡಿ 18,090 ಭಾರತೀಯರ ಊಟವನ್ನು ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದ ವರದಿ ಹೇಳುವಂತೆ, ಹೊಸದಾಗಿ ಮಧುಮೇಹ ಬಂದವರು ರೆಮಿಷನ್ ಬಯಸಿದರೆ ದಿನದ ಕ್ಯಾಲೊರಿಯಲ್ಲಿ ಪಿಷ್ಟದ ಪಾಲು ಶೇ. 49ರಿಂದ 54ಕ್ಕೆ ಇಳಿಯಬೇಕು, ಪ್ರೊಟೀನು ಶೇ. 19–20ಕ್ಕೆ ಏರಬೇಕು. ತೂಕ ಇಳಿಸಲೆಂದು ದಿನಕ್ಕೆ 1,500 ಕ್ಯಾಲೊರಿ ತಿನ್ನುವವರಿಗೆ ಅರ್ಧ ಪಾಲು ಅಂದರೆ ಸುಮಾರು 190 ಗ್ರಾಂ ಪಿಷ್ಟ. ಅನ್ನ ಪೂರ್ತಿ ಬಿಡಿ, ರೊಟ್ಟಿ ಮುಟ್ಟಬೇಡಿ ಎಂದೇನೂ ಇದರಲ್ಲಿ ಇಲ್ಲ ಎಂಬುದನ್ನು ಗಮನಿಸಿ.

ಚಿಕ್ಕಪ್ಪನ ತಟ್ಟೆಯಲ್ಲಿ ಆದ ಬದಲಾವಣೆ ಇಷ್ಟು. ಮುದ್ದೆಗೆ 110ರ ಬದಲು 60 ಗ್ರಾಂ ಹಿಟ್ಟು. ಎರಡು ಹೊತ್ತಿಗೆ ಕಡಿಮೆಯಾದದ್ದು 320 ಕ್ಯಾಲೊರಿ. ರಾತ್ರಿ ಅನ್ನ ನಿಂತಿತು, ಸುಮಾರು 195. ಕಾಫಿಯ ಸಕ್ಕರೆ ನಿಂತಿತು, 160. ಬದಲಿಗೆ ಬಂದ ಕಾಳು, ಒಂದು ಮೊಟ್ಟೆ, ಮಜ್ಜಿಗೆ ಸೇರಿ 175ರಷ್ಟು. ಕಳೆದರೆ ದಿನಕ್ಕೆ 500 ಕಡಿಮೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುವುದರಿಂದ, ಲೆಕ್ಕದಲ್ಲಿ ಹದಿನೈದು ದಿನಕ್ಕೆ ಒಂದು ಕಿಲೋ. ನಡೆದದ್ದು ಲೆಕ್ಕದಂತಲ್ಲ. ಮೊದಲ ವಾರವೇ ಒಂದೂವರೆ ಕಿಲೋ ಇಳಿದು ಮನೆಯವರಿಗೆಲ್ಲ ಖುಷಿಯಾಯಿತು. ಅದರಲ್ಲಿ ಹೆಚ್ಚಿನದು ನೀರು. ಮೂರನೇ ತಿಂಗಳು ತಕ್ಕಡಿಯ ಮುಳ್ಳು ಅಲ್ಲಾಡಲೇ ಇಲ್ಲ. ಮೈ ಹಗುರಾದಂತೆ ಅದರ ಖರ್ಚೂ ಕಡಿಮೆಯಾಗುತ್ತದೆ, ಹಾಗಾಗಿ ಈ ನಿಲ್ಲುವಿಕೆ ಎಲ್ಲರಿಗೂ ಬರುವಂಥದ್ದೇ.

ಹೊಟ್ಟೆ ಖಾಲಿ ಬಿಟ್ಟು ಇದನ್ನು ಸಾಧಿಸಲು ಆಗುವುದಿಲ್ಲ. ಸಣ್ಣ ಮುದ್ದೆಯ ಪಕ್ಕದ ಜಾಗವನ್ನು ಏನಾದರೂ ತುಂಬಲೇಬೇಕು. ಇಲ್ಲಿ ಹಾಸನದ ಅಡುಗೆ ನಮ್ಮ ಪಾಲಿಗಿದೆ. ಬಸ್ಸಾರು ಮಾಡುವಾಗ ಬಸಿದು ಉಳಿಯುವ ಸೊಪ್ಪು-ಕಾಳಿನ ಪಲ್ಯವನ್ನು ನಾವು ನಂಚಿಕೊಳ್ಳಲು ಒಂದು ಚಮಚ ಹಾಕಿಸಿಕೊಳ್ಳುತ್ತೇವೆ. ಅದು ಅರ್ಧ ತಟ್ಟೆ ಆಗಬೇಕು, ಮತ್ತು ಮೊದಲು ಅದನ್ನೇ ತಿನ್ನಬೇಕು. ಸೊಪ್ಪು, ಕಾಳು ಮೊದಲು ಒಳಹೋದರೆ ಹಿಂದೆ ಬರುವ ಪಿಷ್ಟ ನಿಧಾನ ಕರಗುತ್ತದೆ, ಊಟದ ನಂತರದ ಸಕ್ಕರೆ ಅಷ್ಟು ಎತ್ತರಕ್ಕೆ ಜಿಗಿಯುವುದಿಲ್ಲ. ಹುರುಳಿಕಾಳಿನಲ್ಲಿ 100 ಗ್ರಾಂಗೆ 22 ಗ್ರಾಂನಷ್ಟು ಪ್ರೊಟೀನಿದೆ. ಮೊಳಕೆ ಹುರುಳಿ ಸಾರನ್ನು ತಿಳಿ ಮಾಡದೆ ಕಾಳು ಹೆಚ್ಚು ಹಾಕಿ ಮಾಡಿದರೆ ಸಾಕು. ಅವರೆಕಾಳು, ಮಸ್ಸೊಪ್ಪು ಕೂಡ ಇದೇ ಸಾಲಿನವು.

ನಮ್ಮ ಜಿಲ್ಲೆಯ ಹೆಮ್ಮೆಯ ಆಲೂಗಡ್ಡೆಯನ್ನು ಮಾತ್ರ ತರಕಾರಿ ಎಂದು ಎಣಿಸಬಾರದು. ಅದು ಅನ್ನದ ಪಾಲಿಗೆ ಸೇರಿದ್ದು. ಮುದ್ದೆಗಿಂತ ರಾಗಿ ಗಂಜಿ ಒಳ್ಳೆಯದು ಎಂಬ ನಂಬಿಕೆಯೂ ಇದೆ. ನುಣ್ಣಗಿನ ಹಿಟ್ಟು ತೆಳ್ಳಗೆ ಬೆಂದರೆ ಸಕ್ಕರೆ ಬೇಗ ಏರುತ್ತದೆ, ಸೇರಿಗಟ್ಟಲೆ ಕುಡಿದರಂತೂ ಹೇಳುವುದೇ ಬೇಡ.

ಘಟ್ಟದ ಅಂಚಿನ ಅಡುಗೆಮನೆ

ಚಿಕ್ಕಮಗಳೂರಿನ ಕಡೆಗೆ ಹೋದರೆ ಮುದ್ದೆಯ ಜಾಗದಲ್ಲಿ ಅಕ್ಕಿರೊಟ್ಟಿ, ಕಡುಬು ಇರುತ್ತವೆ. ಲೆಕ್ಕ ಬದಲಾಗುವುದಿಲ್ಲ, ಅಕ್ಕಿಹಿಟ್ಟನ್ನು ತೂಗಿಕೊಳ್ಳಬೇಕಷ್ಟೇ. ಹಿಟ್ಟಿಗೆ ಸೌತೆಕಾಯಿಯನ್ನೋ ಸೊಪ್ಪನ್ನೋ ಧಾರಾಳ ಸೇರಿಸಿ ತಟ್ಟಿದ ರೊಟ್ಟಿಯಲ್ಲಿ ಹಿಟ್ಟಿನ ಪಾಲು ತಾನಾಗೇ ಕಡಿಮೆ. ಅಣಬೆ, ಕಳಲೆ, ಮೀನು, ಕೋಳಿ ಯಾವುದೂ ಶುಗರ್‌ಗೆ ಶತ್ರುವಲ್ಲ. ಜೊತೆಗೆ ಎಷ್ಟು ಕಡುಬು ಎಂಬುದೇ ಪ್ರಶ್ನೆ.

ಕಾಫಿ ಬಿಡಬೇಕಾ ಎಂದು ಕಾಫಿ ನಾಡಿನವರು ಗಾಬರಿಯಿಂದ ಕೇಳುತ್ತಾರೆ. ಬೇಡ, ಸಕ್ಕರೆ ಬಿಟ್ಟರೆ ಸಾಕು. ಬೆಲ್ಲ ಹಾಕಿಕೊಂಡರೆ ಪರವಾಗಿಲ್ಲ ಎಂಬ ಮಾತು ಸುಳ್ಳು. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ, ಬಣ್ಣ ಬೇರೆ. ಜೇನುತುಪ್ಪವೂ ಮಾಫಿ ಅಲ್ಲ.

ಊಟವಾದ ಮೇಲೆ ಕೂರಬೇಡಿ

ಗದ್ದೆಗೆ ನೀರು ಹಾಯಲು ನೀರಗಂಟಿ ಬೇಕು ಎಂದೆನಲ್ಲ, ಅದಕ್ಕೊಂದು ಅಪವಾದ ಇದೆ. ದುಡಿಯುತ್ತಿರುವ ಮಾಂಸಖಂಡ ಇನ್ಸುಲಿನ್ ಕರೆಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಅದಕ್ಕೇ ಊಟವಾದ ಮೇಲೆ ಹತ್ತು ಹದಿನೈದು ನಿಮಿಷದ ನಡಿಗೆಗೆ ಅಷ್ಟು ಬೆಲೆ. “ತೋಟದಾಗೆ ದಿನಾ ಓಡಾಡ್ತೀನಲ್ಲ” ಎಂದು ಚಿಕ್ಕಪ್ಪ ವಾದಿಸಿದರು. ಓಡಾಟ ಬೆಳಿಗ್ಗೆ, ಸಕ್ಕರೆ ಏರುವುದು ರಾತ್ರಿ ಊಟ ಮಾಡಿ ಟಿವಿ ಮುಂದೆ ಕೂತಾಗ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ, ಕುಕ್ಕರಗಾಲಲ್ಲಿ ಕೂತು ಏಳುವ ಕೆಲಸವೂ ಇರಲಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಗದ್ದೆಯೇ ಕಡಿಮೆಯಾದರೆ ನೀರು ಹಾಯಿಸುವುದು ಎಲ್ಲಿಗೆ?

ಮಾತ್ರೆ ನುಂಗುತ್ತಿರುವವರು ಗಮನಿಸಿ

ಊಟ ಕಡಿಮೆ ಮಾಡಿ ಮಾತ್ರೆ ಹಾಗೇ ಮುಂದುವರಿಸಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಹೀಗಾಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥವು ಅಥವಾ ಇನ್ಸುಲಿನ್ ಚುಚ್ಚುಮದ್ದು ಇದ್ದರೆ ಅಪಾಯ ನಿಜ. ನಮ್ಮಲ್ಲಿ ಇವು ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಬೆರೆತು ಬರುತ್ತವೆ, ಹೆಸರು ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಹಿಂದೆ ಸಣ್ಣಕ್ಷರದಲ್ಲಿರುತ್ತದೆ. ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಎಂದು ಬರುವ ಮಾತ್ರೆ ತಗೊಳ್ಳುವವರು ಪಿಷ್ಟವನ್ನು ಒಮ್ಮೆಗೇ ತೀರಾ ಕಡಿಮೆ ಮಾಡಿದರೆ ರಕ್ತ ಆಮ್ಲೀಯವಾಗುವ ತೊಂದರೆ ಬರಬಹುದು. ಹಾಗಾಗಿ ತಟ್ಟೆ ಬದಲಿಸುವ ಮುಂಚೆ ಪಟ್ಟಿ ಹಿಡಿದುಕೊಂಡು ಹೋಗಿ ವೈದ್ಯರನ್ನು ಕೇಳಿ. ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ಈ ಲೇಖನ ಓದಿ ಊಟ ಬದಲಿಸಬಾರದು.

ಕೈ ನಡುಕ, ತಣ್ಣನೆ ಬೆವರು, ಎದೆ ಹೊಡೆತ, ಕಣ್ಣು ಮಂಜು: ಸಕ್ಕರೆ 70ರ ಕೆಳಗೆ ಇಳಿದಿರಬಹುದು. ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು.

ಹಾಗಲಕಾಯಿ ರಸ, ಮೆಂತ್ಯ, ಅಮೃತಬಳ್ಳಿ? ಹಾಗಲಕಾಯಿ ಪಲ್ಯ ಒಳ್ಳೆಯ ತರಕಾರಿ, ಮೆಂತ್ಯದಲ್ಲಿ ಒಳ್ಳೆಯ ನಾರಿದೆ. ಅವನ್ನು ನಂಬಿ ಮಾತ್ರೆ ಬಿಟ್ಟವರು ಆರು ತಿಂಗಳಾದ ಮೇಲೆ ಕಾಲಿನ ಹುಣ್ಣು ಹೊತ್ತು ಬರುವುದನ್ನು ನಮ್ಮೂರಿನಲ್ಲೇ ನೋಡಿದ್ದೇನೆ.

ಹೂಳು ಮತ್ತೆ ತುಂಬುತ್ತದೆ

‘ಡೈರೆಕ್ಟ್’ ಪ್ರಯೋಗದಲ್ಲಿ ಮೊದಲ ವರ್ಷ ಶೇ. 46 ಇದ್ದದ್ದು ಎರಡನೇ ವರ್ಷಕ್ಕೆ ಶೇ. 36 ಆಯಿತು, ಐದು ವರ್ಷದ ಹೊತ್ತಿಗೆ ಶೇ. 13ಕ್ಕೆ ಇಳಿಯಿತು. ತೂಕ ಮತ್ತೆ ಏರಿದವರಲ್ಲಿ ಶುಗರ್ ಮರಳಿತು. ಕೆರೆಗೆ ಒಮ್ಮೆ ಹೂಳೆತ್ತಿ ಬಿಟ್ಟರೆ ಏನಾಗುತ್ತದೆ ಎಂದು ನಮ್ಮ ಊರುಗಳಿಗೆ ಹೇಳಿಕೊಡಬೇಕಾಗಿಲ್ಲ.

ಶುಗರ್ ಗೆರೆಯ ಕೆಳಗಿದ್ದರೂ ತಪಾಸಣೆ ತಪ್ಪಿಸುವಂತಿಲ್ಲ. ಕಾಯಿಲೆ ಪತ್ತೆಯಾಗುವ ಮುಂಚೆಯೇ ಕೆಲವು ವರ್ಷ ಸಕ್ಕರೆ ಮೇಲಿದ್ದಿರಬಹುದು, ಆಗಲೇ ಕಣ್ಣಿನ ಪರದೆಗೆ, ಕಿಡ್ನಿಗೆ, ಪಾದದ ನರಕ್ಕೆ ಏಟು ಬಿದ್ದಿರಲೂಬಹುದು. ಆದ್ದರಿಂದ ಗೊತ್ತಾದ ಕೂಡಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ, ಕಿಡ್ನಿಗಾಗಿ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್, ಪಾದ ಇಷ್ಟನ್ನೂ ನೋಡಿಸಬೇಕು. ಎಚ್‌ಬಿಎ1ಸಿ ಮೂರು ತಿಂಗಳಿಗೊಮ್ಮೆ, ಹಿಡಿತಕ್ಕೆ ಬಂದಮೇಲೆ ಆರು ತಿಂಗಳಿಗೊಮ್ಮೆ. ತೋಟದಲ್ಲಿ ಬರಿಗಾಲಲ್ಲಿ ನಡೆಯುವವರು ರಾತ್ರಿ ಕಾಲು ತೊಳೆಯುವಾಗ ಅಂಗಾಲನ್ನು ಒಮ್ಮೆ ತಿರುಗಿಸಿ ನೋಡಿಕೊಳ್ಳಬೇಕು. ನರ ಮಂಕಾದರೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ.

ಚಿಕ್ಕಪ್ಪ ಐದು ತಿಂಗಳಲ್ಲಿ 61 ಕಿಲೋಗೆ ಇಳಿದರು. ಎಚ್‌ಬಿಎ1ಸಿ 6.3. ಮಾತ್ರೆ ಇನ್ನೂ ಒಂದು ಇದೆ, ಹಾಗಾಗಿ ಲೆಕ್ಕದಂತೆ ಇದು ರೆಮಿಷನ್ ಅಲ್ಲ. ಅದನ್ನು ನಿಲ್ಲಿಸಿ ನೋಡೋಣ ಎಂದು ವೈದ್ಯರು ಹೇಳಿದ್ದಾರೆ. ವರ್ಷದ ತಪಾಸಣೆಯ ದಿನ ಮರೆತುಹೋಗುತ್ತದೆ ಎಂದು ಅವರೇ ಒಂದು ಉಪಾಯ ಮಾಡಿಕೊಂಡರು. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ. ಹೇಗಿದ್ದರೂ ಆ ವಾರ ಪೇಟೆಗೆ ಹೋಗುತ್ತಾರೆ. ದರ್ಶನದ ಸಾಲಿಗೆ ನಿಲ್ಲುವ ಮುಂಚೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬರುವುದು.